ಆರು ಸಾವಿರ ಮೀಟರಿನ ಶಿಖರಕ್ಕೆ ಗೌರಿಬಿದನೂರಿನಿಂದ ತಯಾರಿ

ಪ್ರಶ್ನೆ: ನಾನು ಗೌರಿಬಿದನೂರಿನವನು, ವಯಸ್ಸು 36. ನಂದಿ, ಸ್ಕಂದಗಿರಿ, ಮಧುಗಿರಿ ಬೆಟ್ಟಗಳನ್ನು ಎಷ್ಟೋ ಸಲ ಹತ್ತಿದ್ದೇನೆ. ಎರಡು ವರ್ಷದ ಹಿಂದೆ ಉತ್ತರಾಖಂಡದ ಕೇದಾರಕಂಠ ಚಾರಣವನ್ನೂ ತೊಂದರೆಯಿಲ್ಲದೆ ಮುಗಿಸಿದೆ. ಮುಂದಿನ ಆಗಸ್ಟಿನಲ್ಲಿ ಲಡಾಖಿನ ಕಾಂಗ್ ಯಾತ್ಸೆ-2 ಶಿಖರಕ್ಕೆ ಗೈಡ್ ಇರುವ ತಂಡದ ಜೊತೆ ಹೋಗುವ ಆಸೆ. ಒಂದು ಕಂಪನಿಯದು 9 ದಿನದ ಯೋಜನೆ, ಇನ್ನೊಂದರದು 14 ದಿನ. ಎರಡನೆಯದಕ್ಕೆ 20 ಸಾವಿರ ರೂಪಾಯಿ ಹೆಚ್ಚು. ದಿನಾ ಓಡುತ್ತೇನೆ, ಮೈ ಗಟ್ಟಿಯಾಗಿದೆ. 9 ದಿನ ಸಾಲದೇ? ಊರಲ್ಲೇ ಇದ್ದು ಹೇಗೆ ತಯಾರಾಗಲಿ? ಎತ್ತರದ ಕಾಯಿಲೆ ಬಾರದಿರಲು ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೇ?

ಉತ್ತರ: 14 ದಿನದ್ದನ್ನೇ ಆರಿಸಿ. ಆ 20 ಸಾವಿರದಲ್ಲಿ ನೀವು ಕೊಳ್ಳುತ್ತಿರುವುದು ಐದು ರಾತ್ರಿಗಳನ್ನು. ಈ ಶಿಖರ ನಿಮಗೆ ಸಿಗುತ್ತದೋ ಇಲ್ಲವೋ ಎನ್ನುವುದನ್ನು ಬೂಟು, ಜಾಕೆಟ್ಟು, ಓಟದ ಅಭ್ಯಾಸಕ್ಕಿಂತ ಹೆಚ್ಚಾಗಿ ಆ ರಾತ್ರಿಗಳೇ ತೀರ್ಮಾನಿಸುತ್ತವೆ.

ಕಾರಣ ಇಷ್ಟು. ಗಾಳಿಯಲ್ಲಿ ಆಮ್ಲಜನಕದ ಪಾಲು ಗೌರಿಬಿದನೂರಿನಲ್ಲೂ ಶಿಖರದ ಮೇಲೂ ಒಂದೇ, ಶೇ 21. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟಕ್ಕೆ ಹೋಲಿಸಿದರೆ 3,500 ಮೀಟರಿನ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಮೂರನೇ ಎರಡು ಪಾಲು. ಸುಮಾರು 6,250 ಮೀಟರಿನ ಕಾಂಗ್ ಯಾತ್ಸೆ-2ರ ತುದಿಯಲ್ಲಿ ಅರ್ಧಕ್ಕಿಂತ ಕಡಿಮೆ. ಇದಕ್ಕೆ ಮೈ ಒಗ್ಗಬೇಕಾದರೆ ಉಸಿರಾಟದ ವೇಗ ಬದಲಾಗಬೇಕು, ರಕ್ತದ ಆಮ್ಲ-ಕ್ಷಾರದ ಹದವನ್ನು ಮೂತ್ರಪಿಂಡಗಳು ಸರಿದೂಗಿಸಬೇಕು, ನಿಧಾನವಾಗಿ ಕೆಂಪು ರಕ್ತಕಣಗಳು ಹೆಚ್ಚಬೇಕು. ಇದೆಲ್ಲ ದಿನಗಳ ಲೆಕ್ಕದ ಕೆಲಸ, ಆ ಎತ್ತರದಲ್ಲೇ ಆಗಬೇಕಾದ ಕೆಲಸ. ನಂದಿಯ ತುದಿ 1,478 ಮೀಟರ್. ಅಲ್ಲಿ ದಿನಾ ಮಲಗಿ ಎದ್ದರೂ ಇದು ಶುರುವಾಗುವುದಿಲ್ಲ. ಮ್ಯಾರಥಾನ್ ಓಡುವವರಿಗೂ ಎತ್ತರದ ಕಾಯಿಲೆ ಉಳಿದವರಷ್ಟೇ ಸಲೀಸಾಗಿ ಬರುತ್ತದೆ. ಎಷ್ಟೋ ವೇಳೆ ಗಟ್ಟಿ ಕಾಲಿನವರಿಗೇ ಮೊದಲು ಬರುವುದು, ಅವರು ಬೇಗ ಏರಿಬಿಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ.

ಕೇದಾರಕಂಠದ ಅನುಭವವನ್ನು ಇಲ್ಲಿ ಹೆಚ್ಚು ನೆಚ್ಚಿಕೊಳ್ಳಬೇಡಿ. ಅದರ ತುದಿ ಸುಮಾರು 3,800 ಮೀಟರ್, ಹತ್ತಿದ ದಿನವೇ ಕೆಳಗಿಳಿದಿರುತ್ತೀರಿ. ಇಲ್ಲಿ ಬೇಸ್ ಕ್ಯಾಂಪಿನಲ್ಲಿ ಮಲಗುವುದೇ 5,100 ಮೀಟರಿನ ಸುಮಾರಿನಲ್ಲಿ.

ಎರಡು ಯೋಜನೆಗಳನ್ನು ಪಕ್ಕಪಕ್ಕ ಇಟ್ಟು, ಪ್ರತಿ ರಾತ್ರಿ ಮಲಗುವ ಎತ್ತರವನ್ನು ಮಾತ್ರ ಬರೆದುಕೊಳ್ಳಿ. ಹಗಲು ಎಷ್ಟು ಹತ್ತುತ್ತೀರಿ ಎನ್ನುವುದು ಈ ಲೆಕ್ಕಕ್ಕೆ ಬೇಡ. 9 ದಿನದ ಯೋಜನೆಗಳು ಸಾಮಾನ್ಯವಾಗಿ ಲೇಹ್‌ನಲ್ಲಿ ಎರಡು ರಾತ್ರಿ ಇಟ್ಟು, ಮಾರ್ಖಾ ಕಣಿವೆಯೊಳಕ್ಕೆ ಜೀಪಿನಲ್ಲಿ ಕರೆದೊಯ್ದು, ಮರುದಿನವೇ 4,700 ಮೀಟರ್ ಸುಮಾರಿನ ನೀಮಲಿಂಗ್ ಹುಲ್ಲುಗಾವಲಿಗೆ ಹತ್ತಿಸುತ್ತವೆ. ಅಂದರೆ ಒಂದೇ ರಾತ್ರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಜಿಗಿತ. ವೈದ್ಯರು ಒಪ್ಪುವ ಮಿತಿ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಒಳ್ಳೆಯ 14 ದಿನದ ಯೋಜನೆ ಲೇಹ್‌ನಲ್ಲಿ ಮೂರು ರಾತ್ರಿ, ಆಮೇಲೆ ಸ್ಕಿಯು, ಮಾರ್ಖಾ, ಹಂಕರ್, ತಾಚುಂಗ್ಸೆ, ನೀಮಲಿಂಗ್, ಬೇಸ್ ಕ್ಯಾಂಪ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಾಚುಂಗ್ಸೆಯ ರಾತ್ರಿಯನ್ನು ಬಿಟ್ಟಿದ್ದಾರೆಯೇ ನೋಡಿ. ಹಂಕರ್ 4,000ದ ಸುಮಾರು, ನೀಮಲಿಂಗ್ 4,700. ನಡುವಿನ ಆ ಒಂದು ರಾತ್ರಿ ಸಣ್ಣದಾಗಿ ಕಂಡರೂ ಅದನ್ನು ಕಿತ್ತುಹಾಕಿದ ತಂಡಗಳಲ್ಲಿ ತಲೆನೋವು ಹಿಡಿಯುವುದು ನೀಮಲಿಂಗ್‌ನಲ್ಲೇ. ನೀಮಲಿಂಗ್‌ನಲ್ಲಿ ಎರಡು ರಾತ್ರಿ ಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಬೇಸ್ ಕ್ಯಾಂಪಿನಲ್ಲಿ ಹಿಮದ ತರಬೇತಿಗೆ ಒಂದು ದಿನ, ಹವಾಮಾನ ಕೆಟ್ಟರೆ ಕಾಯಲು ಒಂದು ದಿನ, ಇವೆರಡೂ ಬರಹದಲ್ಲಿ ಇರಬೇಕು. ಕಾಯುವ ದಿನವಿಲ್ಲದ ಯೋಜನೆಯಲ್ಲಿ ಗೈಡ್ ಕೆಟ್ಟ ಗಾಳಿಯಲ್ಲೂ ಹೊರಡಬೇಕಾಗುತ್ತದೆ, ಇಲ್ಲವೇ ಇಡೀ ತಂಡ ಬೇಸ್ ಕ್ಯಾಂಪಿನಿಂದಲೇ ವಾಪಸು.

ಲೇಹ್ ತಲುಪುವ ದಾರಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಗೌರಿಬಿದನೂರು ಇರುವುದು ಸುಮಾರು 700 ಮೀಟರಿನಲ್ಲಿ. ದೇವನಹಳ್ಳಿಯಲ್ಲಿ ವಿಮಾನ ಹತ್ತಿ ದೆಹಲಿ ಮೂಲಕ ಹೋದರೆ ಒಂದು ದಿನದೊಳಗೆ 3,500ಕ್ಕೆ ಇಳಿದಿರುತ್ತೀರಿ. ಮೊದಲ 48 ಗಂಟೆ ನಿಜವಾದ ವಿಶ್ರಾಂತಿ ಬೇಕು. ಮಾರುಕಟ್ಟೆ ಸುತ್ತುವುದು, ಬೈಕಿನಲ್ಲಿ ಇನ್ನೂ ಎತ್ತರದ ಖರ್ದುಂಗ್ ಲಾ ಕಣಿವೆದಾರಿ ನೋಡಿ ಬರುವುದು ಬೇಡ. ರಜೆ ಇದ್ದರೆ ಶ್ರೀನಗರದಿಂದ ರಸ್ತೆಯಲ್ಲಿ ಹೋಗಿ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಕಾರ್ಗಿಲ್ 2,700 ಮೀಟರಿನ ಸುಮಾರು, ಹದವಾದ ಮೆಟ್ಟಿಲು. ಮನಾಲಿ ರಸ್ತೆ ನೋಡಲು ಚೆಂದ. ಆದರೆ ಅಲ್ಲಿ ರಾತ್ರಿ ತಂಗುವುದು ಹೆಚ್ಚಾಗಿ ಸರ್ಚುವಿನಲ್ಲಿ. ಸರ್ಚು ಲೇಹ್‌ಗಿಂತಲೂ ಎತ್ತರ, 4,200 ಮೀಟರಿಗೂ ಮೇಲೆ. ಒಗ್ಗದ ಮೈಗೆ ಅದು ಕೆಟ್ಟ ರಾತ್ರಿ.

ಇನ್ನು ಇಲ್ಲೇ ಇದ್ದು ಮಾಡಬಹುದಾದ ಕೆಲಸ. ಅದೂ ದೊಡ್ಡದೇ. ಶಿಖರದ ದಿನ ರಾತ್ರಿ 11 ಅಥವಾ 12ಕ್ಕೆ ಹೊರಟು, ಸುಮಾರು 1,100 ಮೀಟರ್ ಏರಿ, ಮತ್ತೆ ಅಷ್ಟನ್ನೂ ಇಳಿಯಬೇಕು. 12 ಗಂಟೆಗೂ ಮೀರಿ ಕಾಲ ಮೇಲಿರುತ್ತೀರಿ. ದಿನಾ ಐದು ಕಿಲೋಮೀಟರ್ ಸಪಾಟು ರಸ್ತೆಯಲ್ಲಿ ಓಡುವುದರಿಂದ ಆ ಕಸುವು ಬರುವುದಿಲ್ಲ. ಬೇಕಾದದ್ದು ಹೊರೆ ಹೊತ್ತು ನಿಧಾನವಾಗಿ, ನಿಲ್ಲದೆ, ಗಂಟೆಗಟ್ಟಲೆ ಏರುವ ಕಾಲು.

16 ವಾರ ಇಟ್ಟುಕೊಳ್ಳಿ. ಆಗಸ್ಟಿನಲ್ಲಿ ಹೊರಡುವುದಾದರೆ ಏಪ್ರಿಲ್ ಮೊದಲ ವಾರಕ್ಕೆ ಶುರು. ಮೊದಲ ನಾಲ್ಕು ವಾರ ಹೊರೆ ಬೇಡ. ವಾರಕ್ಕೆ ನಾಲ್ಕು ದಿನ 45ರಿಂದ 60 ನಿಮಿಷ ಬಿರುಸು ನಡಿಗೆ ಅಥವಾ ನಿಧಾನ ಓಟ. ವೇಗ ಎಷ್ಟಿರಬೇಕೆಂದರೆ, ಜೊತೆಯವರಿಗೆ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲು ಆಗಬೇಕು. ಹೇಳಲಾಗದಿದ್ದರೆ ಜೋರಾಯಿತು ಎಂದರ್ಥ. ಹೆಚ್ಚಿನವರು ತಪ್ಪುವುದು ಇಲ್ಲೇ, ದಿನಾ ಏದುಸಿರು ಬರುವವರೆಗೆ ಓಡಿ ಆರನೇ ವಾರಕ್ಕೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ. ವಾರಕ್ಕೆ ಎರಡು ದಿನ ಬಸ್ಕಿ, ಒಂಟಿಕಾಲಿನ ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು, ಮೀನಖಂಡಕ್ಕೆ ಹಿಮ್ಮಡಿ ಎತ್ತಿ ಇಳಿಸುವುದು, ಹೊಟ್ಟೆ-ಸೊಂಟಕ್ಕೆ ಪ್ಲ್ಯಾಂಕ್. ಮೆಟ್ಟಿಲಿನಿಂದ ಇಳಿಯುವಾಗ ಮೂರು ಎಣಿಸುತ್ತಾ ನಿಧಾನವಾಗಿ ಕಾಲಿಡಿ. ಬೆಟ್ಟದಲ್ಲಿ ತೊಡೆ ನಡುಗುವುದು ಇಳಿಯುವಾಗ, ಅದಕ್ಕೆ ಬೇಕಾದ ಬಲ ಬರುವುದು ಹೀಗೆ.

ಐದನೇ ವಾರದಿಂದ ಭಾನುವಾರದ ಬೆಟ್ಟಕ್ಕೆ ಹೊರೆ ಸೇರಿಸಿ. ಮೊದಲು 5 ಕಿಲೋ, ಎರಡು ವಾರಕ್ಕೊಮ್ಮೆ ಒಂದೆರಡು ಕಿಲೋ ಹೆಚ್ಚಿಸುತ್ತಾ 12 ಕಿಲೋವರೆಗೆ. ಹೊರೆಗೆ ನೀರಿನ ಬಾಟಲಿಗಳೇ ಒಳ್ಳೆಯದು. ಹೊತ್ತು ಹತ್ತಿ, ಮೇಲೆ ಗಿಡಕ್ಕೆ ಸುರಿದು, ಹಗುರಾಗಿ ಇಳಿದರೆ ಮೊಣಕಾಲು ಉಳಿಯುತ್ತದೆ. ಕೊನೆಯ ತಿಂಗಳಲ್ಲಿ ಎರಡು ಸಲ ಮಾತ್ರ ಹೊರೆ ಸಮೇತ ಇಳಿಯಿರಿ.

ಬೆಟ್ಟಗಳ ವಿಷಯದಲ್ಲಿ ನೀವು ಅದೃಷ್ಟವಂತರು. ನಂದಿಯನ್ನು ಸುಲ್ತಾನಪೇಟೆ ಕಡೆಯಿಂದ, ಸಾವಿರಕ್ಕೂ ಮಿಕ್ಕ ಕಲ್ಲುಮೆಟ್ಟಿಲುಗಳ ದಾರಿಯಲ್ಲಿ ಹತ್ತಿ. ಮೆಟ್ಟಿಲಿನ ಏರು ಒಂದೇ ಸಮ ಇರುವುದರಿಂದ ಲಯ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಿಮದ ಮೇಲೆ ನಡೆಯುವ ನಡಿಗೆಯನ್ನು ಅಲ್ಲೇ ಅಭ್ಯಾಸ ಮಾಡಿ: ಮುಂದಿನ ಕಾಲಿಟ್ಟು, ಹಿಂದಿನ ಕಾಲಿನ ಮೊಣಕಾಲನ್ನು ನೆಟ್ಟಗೆ ಮಾಡಿ, ಭಾರವನ್ನು ಮೂಳೆಯ ಮೇಲೆ ಬಿಟ್ಟು ಒಂದು ಕ್ಷಣ ನಿಲ್ಲುವುದು, ಬಾಯಿಂದ ಜೋರಾಗಿ ಉಸಿರು ಬಿಟ್ಟು ಮುಂದಿನ ಹೆಜ್ಜೆ. ನೋಡುವವರಿಗೆ ಮುದುಕರ ನಡಿಗೆಯಂತೆ ಕಾಣುತ್ತದೆ. 5,800 ಮೀಟರಿನಲ್ಲಿ ಅದೊಂದೇ ನಡಿಗೆ ಉಳಿಯುವುದು. ಮಧುಗಿರಿಯ ಏಕಶಿಲಾ ಬೆಟ್ಟ 1,193 ಮೀಟರ್. ಅದರ ಇಳಿಜಾರು ಬಂಡೆ, ಕಂಬಿ ಹಿಡಿದು ಏರುವ ಜಾಗಗಳು, ಕಾಲ ಕೆಳಗಿನ ಆಳ ನೋಡಿ ಎದೆಗುಂದದಿರುವ ಅಭ್ಯಾಸಕ್ಕೆ ಸರಿ. ಬೇಸಿಗೆಯಲ್ಲಿ ಒಂಬತ್ತರ ಮೇಲೆ ಬಂಡೆ ಕಾದುಹೋಗುತ್ತದೆ, ಮಳೆಯಲ್ಲಿ ಜಾರುತ್ತದೆ, ಎರಡೂ ಹೊತ್ತು ಬೇಡ. ಕೋಲಾರದ ಅಂತರಗಂಗೆಯ ಗುಂಡುಗಳ ನಡುವಿನ ದಾರಿ ಪಾದದ ಕೀಲಿಗೆ ಒಳ್ಳೆಯದು. ಸ್ಕಂದಗಿರಿಗೆ ಅರಣ್ಯ ಇಲಾಖೆಯ ಬುಕಿಂಗ್ ಇಲ್ಲದೆ ಹೋಗುವಂತಿಲ್ಲ. ತುಮಕೂರು ಕಡೆಯ ದೇವರಾಯನದುರ್ಗ, ಮಧುಗಿರಿ ಸುತ್ತ ಕರಡಿ, ಚಿರತೆ ಓಡಾಡುತ್ತವೆ. ಶಿಖರದ ರಾತ್ರಿಗೆ ಅಭ್ಯಾಸವಾಗಲಿ ಎಂದು ಕತ್ತಲಲ್ಲಿ ಒಬ್ಬರೇ ಹೊರಡಬೇಡಿ.

ಗುರಿ ಹೀಗಿರಲಿ: 13ನೇ ವಾರಕ್ಕೆ 12 ಕಿಲೋ ಹೊತ್ತು, ಒಂದೇ ದಿನ ಸುಲ್ತಾನಪೇಟೆಯಿಂದ ಎರಡು-ಮೂರು ಸಲ ಹತ್ತಿಳಿದು ಒಟ್ಟು ಸಾವಿರ ಮೀಟರ್ ಏರಿಕೆ, ಮರುದಿನ ಎದ್ದು ಮತ್ತೆ ಮೂರು ಗಂಟೆ ನಡೆಯಲು ಆಗಬೇಕು. ಏರಿಕೆಯನ್ನು ಫೋನು ಅಥವಾ ಗಡಿಯಾರದ ಆಲ್ಟಿಮೀಟರಿನಲ್ಲಿ ಅಳೆದುಕೊಳ್ಳಿ. ಕೊನೆಯ ಹತ್ತು ದಿನ ಕೆಲಸವನ್ನು ಅರ್ಧಕ್ಕಿಳಿಸಿ. ಆ ವಾರದಲ್ಲಿ ಹೊಸ ಬಲ ಬರುವುದಿಲ್ಲ, ನೆಗಡಿ-ಕೆಮ್ಮು ಮಾತ್ರ ಬರಬಹುದು. ಎದೆಯಲ್ಲಿ ಸೋಂಕಿಟ್ಟುಕೊಂಡು ಎತ್ತರಕ್ಕೆ ಹೋಗುವುದು ಅಪಾಯ.

ಎರಡು ತಿಂಗಳು ಮೊದಲೇ ವೈದ್ಯರನ್ನು ನೋಡಿ. ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿ. ಹಲ್ಲಿನ ವೈದ್ಯರನ್ನೂ ಮರೆಯಬೇಡಿ, ಹುಳುಕು ಹಲ್ಲು ಚಳಿಯಲ್ಲಿ, ಒತ್ತಡ ಇಳಿದಲ್ಲಿ ಪ್ರಾಣ ಹಿಂಡುತ್ತದೆ.

ಡೈಮಾಕ್ಸ್ ಬಗ್ಗೆ. ಅದರ ಮದ್ದಿನ ಹೆಸರು ಅಸೆಟಜೋಲಮೈಡ್. ಅದು ರೋಗದ ಗುರುತುಗಳನ್ನು ಮುಚ್ಚಿಡುತ್ತದೆ ಎಂಬ ಮಾತು ಓಡಾಡುತ್ತದೆ, ನಿಜವಲ್ಲ. ಮೂತ್ರಪಿಂಡದ ಮೂಲಕ ರಕ್ತವನ್ನು ತುಸು ಆಮ್ಲೀಯವಾಗಿಸಿ ಉಸಿರಾಟವನ್ನು ಹೆಚ್ಚಿಸುತ್ತದೆ. ಮೈ ತಾನಾಗಿ ಮಾಡಬೇಕಾದ ಕೆಲಸವನ್ನು ಬೇಗ ಮಾಡಿಸುತ್ತದೆ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿಯುವವರಿಗೆ ವಾಡಿಕೆಯ ಪ್ರಮಾಣ 125 ಮಿಲಿಗ್ರಾಂ, ಬೆಳಿಗ್ಗೆ ಸಂಜೆ, ಹೊರಡುವ ಹಿಂದಿನ ದಿನದಿಂದ. ಸಲ್ಫಾ ಮದ್ದು ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ವೈದ್ಯರು ಒಪ್ಪಿದರೆ ಊರಲ್ಲೇ ಎರಡು ದಿನ ತೆಗೆದುಕೊಂಡು ನೋಡಿ. ಬೆರಳ ತುದಿ ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಸಹಜ. ಮೈಮೇಲೆ ಗಂಧೆ ಎದ್ದರೆ ಅದು ಇಲ್ಲೇ ಗೊತ್ತಾಗಲಿ. ಆದರೆ ಮಾತ್ರೆಯ ಬಲದ ಮೇಲೆ 9 ದಿನದ ಯೋಜನೆಗೆ ಹೋಗಬೇಡಿ. ನಿದ್ರೆ ಮಾತ್ರೆ, ಮದ್ಯ ಎರಡೂ ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ, ಬೇಡವೇ ಬೇಡ.

ಮೂರು ಕಾಯಿಲೆಗಳನ್ನು ಗುರುತಿಸಲು ನೀವೇ ಕಲಿಯಬೇಕು, ಗೈಡಿಗೆ ಬಿಡುವಂತಿಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತಿನಲ್ಲಿ ಯಾವುದಾದರೂ ಒಂದಿದ್ದರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ಅಲ್ಲೇ ನಿಲ್ಲಿ, ನೀರು ಕುಡಿಯಿರಿ, ಪ್ಯಾರಾಸಿಟಮಾಲ್ ನುಂಗಿ. ಬೆಳಿಗ್ಗೆಗೆ ತಲೆನೋವು ಹೋಗದಿದ್ದರೆ ಮೇಲೆ ಹೋಗುವಂತಿಲ್ಲ, ಹೆಚ್ಚಿದರೆ ಇಳಿಯಬೇಕು. ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಹೊಸ ಎತ್ತರಕ್ಕೆ ಹೋದ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯೊಳಗೆ ಹೆಚ್ಚಾಗಿ ಬರುತ್ತದೆ: ಮೊದಲು ಒಣ ಕೆಮ್ಮು, ನಿನ್ನೆವರೆಗೆ ಮುಂದಿದ್ದವರು ಇಂದು ಹಿಂದೆ ಬೀಳುವುದು, ಆಮೇಲೆ ಸುಮ್ಮನೆ ಕೂತರೂ ಏದುಸಿರು. ಮೂರನೆಯದು ಮಿದುಳು ಊದಿಕೊಳ್ಳುವುದು. ಪರೀಕ್ಷೆ ಸುಲಭ: ನೆಟ್ಟಗೆ ಒಂದು ಗೆರೆಯ ಮೇಲೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಸಿ. ತೂರಾಡಿದರೆ, ಮಾತು ತಪ್ಪಿದರೆ, ಮಧ್ಯರಾತ್ರಿಯಾದರೂ ಸರಿ, ಆಗಲೇ ಇಳಿಸಬೇಕು. ಆಮ್ಲಜನಕ, ಡೆಕ್ಸಾಮೆಥಸೋನ್, ನಿಫೆಡಿಪಿನ್ ಮದ್ದುಗಳು ಎಲ್ಲವೂ ಇಳಿಯಲು ಹೊತ್ತು ಕೊಡುವ ಉಪಾಯಗಳು, ಇಳಿಯುವುದೇ ಚಿಕಿತ್ಸೆ. ಜನ ತಲೆನೋವನ್ನು ಬಚ್ಚಿಡುವುದು ಕಟ್ಟಿದ ಹಣದ ಮೇಲಿನ ಆಸೆಗೆ. ದಯವಿಟ್ಟು ಹಾಗೆ ಮಾಡಬೇಡಿ. ಗೈಡಿಗೆ ಮೊದಲ ಗಂಟೆಯಲ್ಲೇ ಹೇಳಿದ ತಲೆನೋವು ಎಷ್ಟೋ ಸಲ ಒಂದು ದಿನದ ವಿಶ್ರಾಂತಿಯಲ್ಲಿ ಕಳೆದು, ಅದೇ ವ್ಯಕ್ತಿ ಆಮೇಲೆ ಶಿಖರ ಹತ್ತುವುದುಂಟು.

ಕಂಪನಿಗೆ ಫೋನ್ ಮಾಡಿದಾಗ ಊಟ-ಟೆಂಟಿನ ಮಾತು ಆಮೇಲೆ ಇರಲಿ. ಮೊದಲು ಇವನ್ನು ಕೇಳಿ. ಶಿಖರದ ದಿನ ಒಬ್ಬ ಗೈಡಿಗೆ ಎಷ್ಟು ಜನ? ಮೂವರಿಗಿಂತ ಹೆಚ್ಚಾದರೆ, ಒಬ್ಬರು ಕೆಳಗಿಳಿಯಬೇಕಾದಾಗ ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಎಲ್ಲರೂ ಇಳಿಯಬೇಕಾಗುತ್ತದೆ. ಮುಖ್ಯ ಗೈಡ್ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಂಥ ಕಡೆ ಅಡ್ವಾನ್ಸ್ಡ್ ಕೋರ್ಸ್ ಮಾಡಿದ್ದಾರೆಯೇ? ಬೇಸ್ ಕ್ಯಾಂಪಿನಲ್ಲಿ ಎಷ್ಟು ಆಮ್ಲಜನಕದ ಸಿಲಿಂಡರ್, ಅವು ತುಂಬಿವೆಯೇ, ರೆಗ್ಯುಲೇಟರ್ ಜೊತೆಗಿದೆಯೇ? ವಾಕಿಟಾಕಿ ಇದೆಯೇ? ಹಿಂದಿರುಗುವ ಗಡುವು ಎಷ್ಟು ಗಂಟೆ? ಬೆಳಿಗ್ಗೆ 9 ಅಥವಾ 10 ಎಂದು ಥಟ್ಟನೆ ಹೇಳಿದರೆ ನಂಬಬಹುದು. ‘ಅಲ್ಲಿ ನೋಡಿಕೊಳ್ಳೋಣ’ ಎಂದರೆ ಬಿಟ್ಟುಬಿಡಿ. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಕಾಲು ಹೂಳುತ್ತದೆ, ಬೂಟಿನಡಿ ಕಟ್ಟುವ ಉಕ್ಕಿನ ಹಲ್ಲುಗಳ ಚೌಕಟ್ಟಾದ ಕ್ರ್ಯಾಂಪಾನಿನ ಅಡಿಗೆ ಉಂಡೆ ಕಟ್ಟುತ್ತದೆ, ಮೇಲಿನಿಂದ ಕಲ್ಲು ಸಡಿಲುತ್ತದೆ. ರಾತ್ರಿ ಹೊರಡುವುದೂ ಇದಕ್ಕೇ. ವಿಮೆಯ ಪಾಲಿಸಿಯಲ್ಲಿ ಎತ್ತರದ ಮಿತಿ ಓದಿ. ಅನೇಕ ಪಾಲಿಸಿಗಳು ಚಾರಣವನ್ನು ಒಪ್ಪಿ, ಹಗ್ಗ-ಕ್ರ್ಯಾಂಪಾನ್ ಬಳಸುವ ಪರ್ವತಾರೋಹಣವನ್ನು ಹೊರಗಿಡುತ್ತವೆ.

ಸಾಧ್ಯವಿದ್ದರೆ ಮೊದಲು ಬೇಸಿಕ್ ಪರ್ವತಾರೋಹಣ ಕೋರ್ಸ್ ಮಾಡಿ ಎನ್ನುತ್ತೇನೆ. ಹತ್ತಿರ ಹತ್ತಿರ ಒಂದು ತಿಂಗಳ ರಜೆ ಬೇಕು. ಆಗದಿದ್ದರೆ ರಾಮನಗರದ ಬಂಡೆಗಳಲ್ಲಿ ಎರಡು ದಿನದ ಶಿಬಿರವನ್ನಾದರೂ ಮಾಡಿ, ಎಂಟರ ಆಕಾರದ ಗಂಟು, ಹಗ್ಗ ಕಚ್ಚಿ ಹಿಡಿದು ಏರಲು ನೆರವಾಗುವ ಜೂಮರ್ ಹಿಡಿಕೆ, ಹಗ್ಗದಲ್ಲಿ ಇಳಿಯುವುದು ಕೈಗೆ ಬರಲಿ. ಕಟ್ಟಿದ ಹಗ್ಗದಲ್ಲಿ ಗಂಟು ದಾಟುವಾಗಿನ ಕ್ರಮ ಒಂದೇ: ಮೊದಲು ಸುರಕ್ಷಾ ಕೊಂಡಿಯನ್ನು (ಕ್ಯಾರಾಬಿನರ್) ಗಂಟಿನ ಆಚೆ ಹಾಕಿ, ಆಮೇಲೆ ಜೂಮರ್ ಬಿಚ್ಚಿ ದಾಟಿಸಿ. ಎರಡನ್ನೂ ಒಟ್ಟಿಗೆ ಬಿಚ್ಚಿದ ಆ ಮೂರು ಸೆಕೆಂಡಿನಲ್ಲೇ ಅನಾಹುತ ಆಗುವುದು. ಮನೆಯಲ್ಲಿ ದೀಪ ಆರಿಸಿ, ದಪ್ಪ ಕೈಗವಸು ತೊಟ್ಟು, ಹಾರ್ನೆಸ್ ಎಂಬ ಸೊಂಟ-ತೊಡೆಯ ಪಟ್ಟಿ ಕಟ್ಟುವುದನ್ನು ಇಪ್ಪತ್ತು ಸಲ ಮಾಡಿ.

ದುಬಾರಿ ಸಾಮಾನು ಕೊಳ್ಳಬೇಡಿ. ಎರಡು ಪದರದ ಹಿಮದ ಬೂಟು, ಹನ್ನೆರಡು ಹಲ್ಲಿನ ಕ್ರ್ಯಾಂಪಾನ್, ಐಸ್ ಆಕ್ಸ್, ಹೆಲ್ಮೆಟ್ ಲೇಹ್‌ನಲ್ಲಿ ಬಾಡಿಗೆಗೆ ಸಿಗುತ್ತವೆ, ಕೆಲವು ಕಂಪನಿಗಳೇ ಕೊಡುತ್ತವೆ. ಬೂಟನ್ನು ನೀವು ಹಾಕುವ ದಪ್ಪ ಕಾಲುಚೀಲದ ಮೇಲೆ ತೊಟ್ಟು, ಗೋಡೆಗೆ ಮುಂಗಾಲು ಒದ್ದು ನೋಡಿ. ಬೆರಳು ತಾಗಿದರೆ ಒಂದು ಅಳತೆ ದೊಡ್ಡದು ಬೇಕು. ಬಿಗಿ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಬೆರಳು ಹೆಪ್ಪುಗಟ್ಟುವುದು ಅದರಿಂದಲೇ. ಕ್ರ್ಯಾಂಪಾನನ್ನು ಲೇಹ್‌ನಲ್ಲೇ ಆ ಬೂಟಿಗೆ ಹಾಕಿ ಕಾಲು ಝಾಡಿಸಿ. ಅಲುಗಿದರೆ ಬದಲಿಸಿ, ಬೇಸ್ ಕ್ಯಾಂಪಿನಲ್ಲಿ ಬದಲಿ ಸಿಗುವುದಿಲ್ಲ. ನಿಮ್ಮದೇ ಆಗಿರಬೇಕಾದವು ಮೈಗಂಟುವ ಬಟ್ಟೆ, ಕಾಲುಚೀಲ, ಒಳ-ಹೊರ ಕೈಗವಸು, ತಲೆದೀಪ, ಮತ್ತು ಬದಿಯಿಂದಲೂ ಬೆಳಕು ನುಗ್ಗದ ನಾಲ್ಕನೇ ದರ್ಜೆಯ ಕಪ್ಪು ಕನ್ನಡಕ. ಹತ್ತಿ ಬನಿಯನ್ ಬೇಡ, ಬೆವರು ಹಿಡಿದಿಟ್ಟುಕೊಂಡು ನಿಂತ ಕೂಡಲೇ ಮೈ ತಣ್ಣಗಾಗಿಸುತ್ತದೆ. ಶಿಖರದ ರಾತ್ರಿ ಮೈನಸ್ 10 ಡಿಗ್ರಿ ಆಸುಪಾಸು, ಗಾಳಿ ಸೇರಿದರೆ ಇನ್ನೂ ಕಡಿಮೆ. ಕೊಳವೆಯ ನೀರಿನ ಚೀಲ ಆ ಚಳಿಗೆ ಕಟ್ಟಿಕೊಳ್ಳುತ್ತದೆ. ಬಾಯಗಲದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದಲ್ಲಿ ಸುತ್ತಿ, ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿಯುತ್ತದೆ. ದೀಪದ ಬ್ಯಾಟರಿ ಒಳಜೇಬಿನಲ್ಲಿ ಇರಲಿ. ಚಳಿ ಎಂದು ಟೆಂಟಿನ ಬಾಗಿಲು ಮುಚ್ಚಿ ಒಳಗೆ ಸ್ಟವ್ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಮುನ್ಸೂಚನೆಯೂ ಇಲ್ಲ.

ಆ ಎತ್ತರದಲ್ಲಿ ಹಸಿವು ಸಾಯುತ್ತದೆ, ಕಂಪನಿ ಕೊಡುವ ಸೂಪು-ಪಾಸ್ತಾ ಮೂರನೇ ದಿನಕ್ಕೆ ಬೇಡವಾಗುತ್ತದೆ. ನಮ್ಮ ಕಡೆಯವರು ರಾಗಿ ಹುರಿಹಿಟ್ಟು ಒಯ್ಯಬೇಕು. ಬೆಲ್ಲದ ಪುಡಿ ಬೆರೆಸಿಟ್ಟುಕೊಂಡರೆ ಬಿಸಿನೀರಿಗೆ ಕಲಸಿ ಎರಡು ನಿಮಿಷದಲ್ಲಿ ತಿನ್ನಬಹುದು, ಬೇಯಿಸುವ ಕೆಲಸವಿಲ್ಲ. 5,000 ಮೀಟರಿನಲ್ಲಿ ನೀರು 84 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಒಂದು ಡಬ್ಬಿ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ ಇದ್ದರೆ ಬರೀ ಅನ್ನವಾದರೂ ಒಳಗೆ ಹೋಗುತ್ತದೆ. ಶಿಖರದ ರಾತ್ರಿಗೆ ಹುರಿಗಡಲೆ, ಕೊಬ್ಬರಿ, ಕಡಲೆಕಾಯಿ ಚಿಕ್ಕಿಯನ್ನು ಸಣ್ಣ ಚೂರು ಮಾಡಿ ಜಾಕೆಟ್ ಜೇಬಿಗೆ ಹಾಕಿಕೊಳ್ಳಿ. ಇಡೀ ಚಿಕ್ಕಿ ಚಳಿಗೆ ಕಲ್ಲಾಗಿ ಹಲ್ಲು ಮುರಿಯುತ್ತದೆ. ಹಸಿವಿರಲಿ ಬಿಡಲಿ, ಗಂಟೆಗೊಂದು ಹಿಡಿ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು, ಒಂದರಲ್ಲಿ ಓಆರ್‌ಎಸ್.

ವಿಮಾನಕ್ಕೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಊರುಗೋಲು ಮತ್ತು ಕಬ್ಬಿಣದ ಸಾಮಾನು ಚೆಕ್-ಇನ್ ಚೀಲದಲ್ಲಿ. ನಮ್ಮ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಜುಲೈನಲ್ಲೇ ಪೋಸ್ಟ್‌ಪೇಯ್ಡ್‌ಗೆ ಬದಲಿಸಿ. ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ಸಿಗ್ನಲ್ ಭರವಸೆಯಿಲ್ಲ. ಹೊರಡುವ ಮುಂಚೆ ಮನೆಯವರಿಗೆ ಮೂರು ವಿಷಯ ಬರೆದುಕೊಟ್ಟು ಹೋಗಿ: ಲೇಹ್ ಕಚೇರಿಯ ನಂಬರು, ವಿಮೆಯ ಪಾಲಿಸಿ ನಂಬರು, ಮತ್ತು ಕಾಯುವ ದಿನವನ್ನೂ ಸೇರಿಸಿ ನೀವು ಲೇಹ್‌ಗೆ ಮರಳುವ ಕಡೆಯ ತಾರೀಕು. ಅಲ್ಲಿಯವರೆಗೆ ಫೋನ್ ಬಾರದಿದ್ದರೆ ಗಾಬರಿಯಾಗಬೇಡಿ ಎಂದು ಬಾಯಲ್ಲೂ ಹೇಳಿ.